‘ಔಷಧಿ ಬಿಡಬೇಡಿ’ ಅಂದರೆ ಯಾವ ಅರ್ಥ?

ಎಲ್ಲರಿಗೂ ನಮಸ್ಕಾರ.

ಪರಿಚಯದ ಕಣ್ಣಿನ ಡಾಕ್ಟರೊಬ್ಬರು ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಪ್ರೆಶರ್ ಹೆಚ್ಚಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರಿಗೆ ಕೊಡೋಕೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆದುಕೊಡಿ ಅಂದರು. ಸುಲಭ ಅಂದುಕೊಂಡು ಒಪ್ಪಿಕೊಂಡೆ. ಈಗ ಎರಡು ಮಾತಿನಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ಬಿಡು’. ನಮ್ಮ ಮೈಸೂರು ಕಡೆ ಕಣ್ಣಿಗೆ ಔಷಧಿ ‘ಬಿಡುತ್ತೇವೆ’. ಹಾಗಾಗಿ ‘ರಾತ್ರಿ ಮಲಗುವ ಮುಂಚೆ ಒಂದು ಹನಿ ಬಿಡಿ’ ಎಂದು ಬರೆದೆ. ನಾಲ್ಕು ಸಾಲು ಕೆಳಗೆ ‘ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ಔಷಧಿ ಬಿಡಬೇಡಿ’ ಅಂತಲೂ ಬರೆದೆ. ನಮ್ಮ ಅತ್ತೆಗೆ ಓದಿ ಹೇಳಿದರೆ, “ಬಿಡಬೇಕೋ ಬಿಡಬಾರದೋ, ಒಂದು ಹೇಳಪ್ಪಾ” ಅಂದರು. ನಗು ಬಂತು. ಆದರೆ ಗ್ಲಾಕೋಮಾದಲ್ಲಿ ಬಹಳ ಜನಕ್ಕೆ ನೋವೇ ಇರುವುದಿಲ್ಲ, ಹೋದ ದೃಷ್ಟಿ ಮರಳಿ ಬರುವುದೂ ಇಲ್ಲ. ಔಷಧಿ ನಿಲ್ಲಿಸಬೇಡಿ ಅನ್ನುವ ಸಾಲಿನಲ್ಲೇ ಗೊಂದಲ ಇದ್ದರೆ ಹೇಗೆ? ಸದ್ಯಕ್ಕೆ ‘ಹಾಕಿ’, ‘ನಿಲ್ಲಿಸಬೇಡಿ’ ಎಂದು ತಿದ್ದಿದ್ದೇನೆ. (ಔಷಧಿ ಅನ್ನುವಲ್ಲಿ ‘ಮದ್ದು’ ಬಳಸಿ ಎಂದು ಮಂಗಳೂರಿನ ಗೆಳೆಯ ಹೇಳಿದ. ನಮ್ಮ ಕಡೆ ‘ಮದ್ದು ಹಾಕಿದರು’ ಅಂದರೆ ಕಥೆಯೇ ಬೇರೆ!)

ಎರಡನೆಯದು ‘ಸೇರಿಸು’. ಇದು ಇನ್ನೂ ತಲೆನೋವು. ಒಂದು ಔಷಧಿಯಿಂದ ಕಣ್ಣಿನ ಪ್ರೆಶರ್ ಸಾಕಷ್ಟು ಇಳಿಯದಿದ್ದರೆ ಇನ್ನೊಂದನ್ನು ಕೊಡುತ್ತಾರೆ. ಲಟಾನೊಪ್ರೋಸ್ಟ್ ಅನ್ನುವ ಹನಿ ಔಷಧಿ ಕಣ್ಣಿನೊಳಗಿನ ನೀರು (ಕಣ್ಣೀರಲ್ಲ, ಒಳಗಿನ ಪ್ರೆಶರ್‌ಗೆ ಕಾರಣವಾಗುವ ನೀರು) ಜಾಸ್ತಿ ಹೊರಗೆ ಹೋಗುವ ಹಾಗೆ ಮಾಡುತ್ತದೆ. ಟಿಮೊಲಾಲ್ ಅನ್ನುವ ಇನ್ನೊಂದು ಔಷಧಿ ಆ ನೀರು ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕೆಲಸ ಬೇರೆ ಬೇರೆ ಆದ್ದರಿಂದ ಎರಡೂ ಇದ್ದರೆ ಪ್ರೆಶರ್ ಇನ್ನಷ್ಟು ಇಳಿಯುತ್ತದೆ. ಈಗ ‘ಇದರ ಜೊತೆ ಟಿಮೊಲಾಲ್ ಸೇರಿಸಿ’ ಎಂದು ಬರೆದರೆ ಓದುವವರು ಏನು ಮಾಡಬಹುದು? ಒಂದರ ಹಿಂದೆಯೇ ಇನ್ನೊಂದನ್ನು ಹಾಕಿಬಿಡಬಹುದು. ಕಣ್ಣಿನಲ್ಲಿ ಒಂದು ಪೂರ್ತಿ ಹನಿ ನಿಲ್ಲುವುದಕ್ಕೇ ಜಾಗ ಸಾಲದು. ಎರಡನೆಯದು ಬಿದ್ದ ಕೂಡಲೇ ಮೊದಲನೆಯದು ಕೊಚ್ಚಿಹೋಗುತ್ತದೆ. ಕಡಿಮೆ ಅಂದರೂ 5 ನಿಮಿಷ ಬಿಡುವು ಬೇಕು. (ನೋಡಿ, ಇಲ್ಲೂ ‘ಬಿಡು’ ಬಂತು.)

ಇದು ಸಾಲದು ಅಂತ, ಎರಡು ಔಷಧಿ ಒಂದೇ ಬಾಟಲಿಯಲ್ಲಿ ಬರುವುದೂ ಉಂಟು: ಟಿಮೊಲಾಲ್ ಮತ್ತು ಡಾರ್ಜೊಲಮೈಡ್, ಟಿಮೊಲಾಲ್ ಮತ್ತು ಬ್ರಿಮೊನಿಡಿನ್. ಇದಕ್ಕೆ ಏನನ್ನೋಣ? ‘ಬೆರಕೆ’ ಅಂದರೆ ಕಲಬೆರಕೆ ನೆನಪಾಗುತ್ತದೆ. ‘ಸಂಯುಕ್ತ’ ಶಾಲೆಯ ರಸಾಯನಶಾಸ್ತ್ರದಲ್ಲಿ ಬೇರೆಯದೇ ಅರ್ಥದ ಪದ. ‘ಮಿಶ್ರಣ’ ತಪ್ಪಲ್ಲ, ಆದರೆ ಮನೆಯಲ್ಲಿ ನಾವೇ ಬೆರೆಸಬೇಕೇನೋ ಅನ್ನಿಸುತ್ತೆ ಅಲ್ವಾ? ‘ಜೋಡಿ ಔಷಧಿ’ ಅಂದರೆ ಎರಡು ಬಾಟಲಿ ಕಣ್ಣಮುಂದೆ ಬರುತ್ತವೆ.

ಸುಮ್ನೆ ಪದದ ಹಟ ಅಂದುಕೊಳ್ಳಬೇಡಿ. ಎರಡೂ ಔಷಧಿ ಇರುವ ಒಂದೇ ಬಾಟಲಿ ಬಂದ ಮೇಲೂ ಹಳೆಯ ಟಿಮೊಲಾಲ್ ಮುಂದುವರಿಸಿದರೆ ಅದೇ ಔಷಧಿ ಎರಡು ಪಾಲು ಆಗುತ್ತದೆ. ಟಿಮೊಲಾಲ್ ನಾಡಿಬಡಿತ ನಿಧಾನ ಮಾಡಬಲ್ಲದು. ಆಸ್ತಮಾ ಇರುವವರಿಗಂತೂ ಅದನ್ನು ಕೊಡುವುದೇ ಇಲ್ಲ.

ನನಗೆ ಹೊಳೆದಿರುವುದು ‘ಎರಡೌಷಧಿ ಬಾಟಲಿ’. ಒರಟಾಗಿದೆ, ಗೊತ್ತು. ‘ಕೂಡುಹನಿ’ ಚೆಂದ, ಆದರೆ ಯಾರಿಗೆ ಅರ್ಥವಾದೀತು? ಧಾರವಾಡ, ಕಲಬುರಗಿ ಕಡೆಯವರು ಕಣ್ಣಿಗೆ ಔಷಧಿ ‘ಬಿಡು’ತ್ತೀರೋ ‘ಹಾಕು’ತ್ತೀರೋ? ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಇಂಥ ಬಾಟಲಿಗೆ ‘ಕಾಂಬಿನೇಷನ್’ ಬಿಟ್ಟು ಬೇರೆ ಮಾತು ಕೇಳಿದ್ದೀರಾ?