ಪ್ಲಾಸ್ಟಿಕ್ ಮತ್ತು ಆರೋಗ್ಯ: ತಿಳಿವಳಿಕೆ ಪತ್ರದಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬೇಕು?

ಪ್ರಶ್ನೆ

ನಾನಿರುವ ವಸತಿ ಸಮುಚ್ಚಯದ ನಿವಾಸಿಗಳಿಗಾಗಿ, ಪ್ಲಾಸ್ಟಿಕ್‌ನಿಂದ ಆರೋಗ್ಯದ ಮೇಲಾಗುವ ಪರಿಣಾಮಗಳ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ವಿಜ್ಞಾನ ಓದಿದವನಲ್ಲ, ಲೆಕ್ಕಪತ್ರದವನು. ಒಂದು ವಾರ ಸಿಕ್ಕಿದ್ದನ್ನೆಲ್ಲ ಓದಿ ಕರಡು ಸಿದ್ಧಪಡಿಸಿದೆ. ತಲೆಬರಹದಲ್ಲಿ ‘ನೀವು ವಾರಕ್ಕೊಂದು ಕ್ರೆಡಿಟ್ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತಿದ್ದೀರಿ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೇನೆ. ಅದರ ಕೆಳಗೆ, ಬಾಟಲಿಯ ತಳದಲ್ಲಿರುವ ತ್ರಿಕೋನದೊಳಗಿನ 1ರಿಂದ 7ರವರೆಗಿನ ಸಂಖ್ಯೆಗಳಲ್ಲಿ ಯಾವುದು ಸುರಕ್ಷಿತ, ಯಾವುದು ಅಪಾಯ ಎಂಬ ಕೋಷ್ಟಕವಿದೆ. ಕೊನೆಯಲ್ಲಿ, ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಮನುಷ್ಯರ ರಕ್ತದಲ್ಲಿ ಸಿಕ್ಕಿರುವುದರಿಂದ ಕ್ಯಾನ್ಸರ್ ಬರುತ್ತದೆ ಎಂಬ ಎಚ್ಚರಿಕೆಯಿದೆ.

ಇದನ್ನು ಓದಿದ ನನ್ನ ಹೆಂಡತಿ, ‘ಎಲ್ಲ ಸರಿ, ನಾಳೆ ಬೆಳಿಗ್ಗೆ ನಾನು ಏನು ಮಾಡಬೇಕು?’ ಎಂದು ಕೇಳಿದಳು. ಉತ್ತರಕ್ಕಾಗಿ ಇಡೀ ಪುಟವನ್ನು ಹುಡುಕಿದೆ, ಸಿಗಲಿಲ್ಲ. ತಿಳಿದವರು ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.

ಪ್ರತಿಕ್ರಿಯೆ: ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರಿಂದ

ತಲೆಬರಹವನ್ನು ಮೊದಲು ತೆಗೆದುಬಿಡಿ. 2019ರಲ್ಲಿ ಪ್ರಚಾರಕ್ಕೆ ಬಂದ ವಾರಕ್ಕೆ 5 ಗ್ರಾಂ ಎಂಬ ಲೆಕ್ಕವು 0.1 ಗ್ರಾಂನಿಂದ 5 ಗ್ರಾಂವರೆಗಿನ ಒಂದು ಅಂದಾಜಿನ ತುತ್ತತುದಿಯಾಗಿತ್ತು. ಕಣಗಳ ತೂಕವನ್ನು ಇನ್ನಷ್ಟು ಎಚ್ಚರದಿಂದ ಎಣಿಸಿದ ನಂತರದ ಅಧ್ಯಯನಗಳಲ್ಲಿ ಅದಕ್ಕಿಂತ ಬಹಳ ಕಡಿಮೆ ಪ್ರಮಾಣ ಬಂದಿದೆ. ಕೋಷ್ಟಕವೂ ಬೇಡ. ಆ ಸಂಖ್ಯೆಗಳನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮವು ಮರುಬಳಕೆಗೆ ವಿಂಗಡಿಸುವವರ ಅನುಕೂಲಕ್ಕಾಗಿ ತಂದಿತೇ ಹೊರತು ಬಳಸುವವರ ಸುರಕ್ಷತೆಗಾಗಿ ಅಲ್ಲ. 7 ಎಂದರೆ ‘ಇತರೆ’ ಎಂದಷ್ಟೇ ಅರ್ಥ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಆದ ಪಾಲಿಕಾರ್ಬೊನೇಟೂ ಅದರಲ್ಲೇ, ಸಸ್ಯಮೂಲದ ಪಾಲಿಲ್ಯಾಕ್ಟಿಕ್ ಆಮ್ಲವೂ ಅದರಲ್ಲೇ.

ಅವುಗಳ ಬದಲಿಗೆ, ಪ್ಲಾಸ್ಟಿಕ್ ಎಂಬುದು ಒಂದೇ ಒಂದು ವಸ್ತುವಲ್ಲ ಎಂಬುದನ್ನು ಓದುಗರಿಗೆ ಮನವರಿಕೆ ಮಾಡಿಕೊಡಿ. ಉದ್ದನೆಯ ಸರಪಳಿಯಂಥ ಪಾಲಿಮರ್ ಜೊತೆಗೆ ಬಣ್ಣ, ಬೆಂಕಿನಿರೋಧಕ, ಮೆತ್ತಗಾಗಿಸುವ ರಾಸಾಯನಿಕ ಹೀಗೆ ಏನೇನೋ ಸೇರಿರುತ್ತವೆ. 2024ರಲ್ಲಿ ವಿಜ್ಞಾನಿಗಳ ತಂಡವೊಂದು ಸಿದ್ಧಪಡಿಸಿದ ಪಟ್ಟಿಯಲ್ಲಿ ಇಂಥ 16,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ 4,200ಕ್ಕೂ ಹೆಚ್ಚು ಆತಂಕಕ್ಕೆ ಕಾರಣವಾಗುವಂಥವು ಎಂದು ಗುರುತಿಸಲಾಗಿದೆ. ಪಿವಿಸಿಯನ್ನು ಮೆತ್ತಗಾಗಿಸುವ ಥ್ಯಾಲೇಟ್‌ಗಳು ಸರಪಳಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ನೀರು ನಿಂತ ಹಾಗೆ ನಡುವೆ ನಿಂತಿರುತ್ತವೆ. ಹಾಗಾಗಿ ಶಾಖ ತಗುಲಿದಾಗ, ಎಣ್ಣೆ ಅಥವಾ ಕೊಬ್ಬಿನ ಸಂಪರ್ಕವಾದಾಗ, ಬಹಳ ಹೊತ್ತು ಹಾಗೇ ಇಟ್ಟಾಗ ಹೊರಗೆ ಜಿನುಗುತ್ತವೆ.

ನಿಮ್ಮ ಅಡುಗೆಮನೆಯಲ್ಲಿರುವ ಅತ್ಯಂತ ಹಳೆಯ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಗಾಜಿನಂತೆ ಹೊಳೆಯುತ್ತಿದ್ದದ್ದು ಈಗ ಮಂಜು ಕವಿದಂತಾಗಿರುತ್ತದೆ. ಒಳಗೋಡೆಯಲ್ಲಿ ಚಮಚದ ಗೀರುಗಳು, ಎಷ್ಟು ತಿಕ್ಕಿದರೂ ಹೋಗದ ಎಣ್ಣೆಯ ಕಲೆ. ಎಣ್ಣೆ ಪ್ಲಾಸ್ಟಿಕ್‌ನೊಳಗೆ ಇಳಿದಿದೆ ಎಂಬುದಕ್ಕೆ ಆ ಕಲೆಯೇ ಸಾಕ್ಷಿ. ಎಣ್ಣೆ ಒಳಗೆ ಇಳಿಯಬಲ್ಲ ಕಡೆ ಒಳಗಿನದು ಎಣ್ಣೆಗೂ ಸೇರಬಲ್ಲದು.

ಇನ್ನು ಪಾಲಿಕಾರ್ಬೊನೇಟ್ ತಯಾರಿಸಲು ಬಳಸುವ ಬಿಸ್ಫಿನಾಲ್ ಎ, ಅಂದರೆ ಬಿಪಿಎ. ಇದು ದೇಹದಲ್ಲಿ ಈಸ್ಟ್ರೊಜೆನ್ ಹಾರ್ಮೋನಿನಂತೆ ವರ್ತಿಸುತ್ತದೆ ಎಂಬುದು 1930ರ ದಶಕದಲ್ಲೇ ಗೊತ್ತಿತ್ತು. ಮಕ್ಕಳ ಹಾಲಿನ ಬಾಟಲಿಗಳಲ್ಲಿ ಇದನ್ನು ಐರೋಪ್ಯ ಒಕ್ಕೂಟ 2011ರಲ್ಲಿ ನಿಷೇಧಿಸಿತು. ಅಮೆರಿಕ 2012ರಲ್ಲಿ ಅನುಮತಿಯನ್ನು ಹಿಂತೆಗೆದುಕೊಂಡಿತು. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 4 ಮೈಕ್ರೋಗ್ರಾಂ ಎಂದಿದ್ದ ಸಹನೀಯ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ 0.2 ನ್ಯಾನೋಗ್ರಾಂಗೆ, ಅಂದರೆ 20,000 ಪಟ್ಟು ಕೆಳಗೆ ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಇದನ್ನು ಒಪ್ಪದೆ 200 ನ್ಯಾನೋಗ್ರಾಂ ಸಾಕು ಎಂದಿತು. ಎರಡೂ ಹಳೆಯ ಮಿತಿಗಿಂತ ಕಡಿಮೆಯೇ. ‘ಬಿಪಿಎ ಇಲ್ಲ’ ಎಂಬ ಚೀಟಿ ಕಂಡ ಕೂಡಲೇ ನಿಶ್ಚಿಂತರಾಗಬೇಡಿ ಎಂದೂ ಒಂದು ಸಾಲು ಸೇರಿಸಿ. ಅದರ ಜಾಗದಲ್ಲಿ ಕೆಲವೊಮ್ಮೆ ಕೂರಿಸುವ ಬಿಸ್ಫಿನಾಲ್ ಎಸ್ ಅದರ ದಾಯಾದಿಯೇ.

ಪ್ರತಿಕ್ರಿಯೆ: ಆಸ್ಪತ್ರೆಯ ಶುಶ್ರೂಷಕಿಯೊಬ್ಬರಿಂದ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಪತ್ರ ಓದಿದವರು ಪ್ಲಾಸ್ಟಿಕ್ ಎಂದರೆ ವಿಷ ಎಂಬ ತೀರ್ಮಾನಕ್ಕೆ ಬರಬಾರದು. ನಾನು ದಿನವೂ ಕೈಯಲ್ಲಿ ಹಿಡಿಯುವ ರಕ್ತದ ಚೀಲ ಮೆತ್ತಗಿರುವುದು ಡಿಇಎಚ್‌ಪಿ ಎಂಬ ಥ್ಯಾಲೇಟ್‌ನಿಂದ. ವಿಚಿತ್ರವೆಂದರೆ, ಅದು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರಿ ಕೆಂಪು ರಕ್ತಕಣಗಳು ಬೇಗ ಒಡೆಯದಂತೆ ಕಾಪಾಡುತ್ತದೆ. ಅದೇ ರಾಸಾಯನಿಕ, ಹತ್ತಾರು ನಳಿಕೆಗಳ ನಡುವೆ ಮಲಗಿರುವ ಅವಧಿಪೂರ್ವ ಶಿಶುವಿನ ಪುಟ್ಟ ದೇಹಕ್ಕೆ ತೂಕಕ್ಕೆ ಮೀರಿದ ಪ್ರಮಾಣದಲ್ಲಿ ಸೇರಬಹುದು ಎಂಬ ಕಾರಣಕ್ಕೆ ಬದಲಿ ವಸ್ತುಗಳು ಬಂದಿವೆ. ಯಾರಿಗೆ, ಎಷ್ಟು, ಎಷ್ಟು ಕಾಲ ಎಂದು ಕೇಳದೆ ಬರೆದ ಎಚ್ಚರಿಕೆ ಅರ್ಧ ಎಚ್ಚರಿಕೆ.

ಕೊನೆಯ ಸಾಲಿನಲ್ಲಿ ‘ಸಿಕ್ಕಿದೆ’ ಮತ್ತು ‘ಕಾಯಿಲೆ ತರುತ್ತದೆ’ ಎಂಬ ಎರಡನ್ನು ನೀವು ಒಂದು ಮಾಡಿದ್ದೀರಿ. 2022ರ ಡಚ್ ಅಧ್ಯಯನದಲ್ಲಿ 22 ರಕ್ತದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಅದು ಕ್ಯಾನ್ಸರಿನ ಬಗ್ಗೆ ಏನನ್ನೂ ಹೇಳಲಿಲ್ಲ. 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ಅಪಧಮನಿಯಿಂದ ಶಸ್ತ್ರಚಿಕಿತ್ಸೆಯ ಮೂಲಕ ತೆಗೆದ ಕೊಬ್ಬಿನ ಗಡ್ಡೆಗಳನ್ನು ಪರೀಕ್ಷಿಸಿ, 257 ರೋಗಿಗಳಲ್ಲಿ 150 ಮಂದಿಯ ಗಡ್ಡೆಗಳಲ್ಲಿ, ಚೀಲಗಳಿಗೆ ಬಳಸುವ ಪ್ಲಾಸ್ಟಿಕ್ ಆದ ಪಾಲಿಎಥಿಲೀನ್ ಇರುವುದನ್ನು ಕಂಡರು. ಸುಮಾರು 34 ತಿಂಗಳ ಅವಧಿಯಲ್ಲಿ ಅಂಥವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಉಳಿದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಇದು ಗಂಭೀರವಾದ ಸೂಚನೆ. ಆದರೂ ನಂಟು ಮಾತ್ರ, ಕಾರಣವೆಂದು ಸಾಬೀತಾಗಿಲ್ಲ ಎಂದು ಆ ಸಂಶೋಧಕರೇ ಬರೆದಿದ್ದಾರೆ. ಮಿದುಳಿನಲ್ಲೂ ಪ್ಲಾಸ್ಟಿಕ್ ಸಿಕ್ಕಿದೆ ಎಂಬ ಸುದ್ದಿಯ ವಿಷಯದಲ್ಲಂತೂ, ಅಂಗಾಂಶವನ್ನು ಸುಟ್ಟು ಅಳೆಯುವಾಗ ದೇಹದ ಕೊಬ್ಬೇ ಪಾಲಿಎಥಿಲೀನ್‌ನಂತೆ ತೋರಬಹುದು ಎಂಬ ಆಕ್ಷೇಪವಿದೆ.

ಪ್ರತಿಕ್ರಿಯೆ: ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರಿಂದ

ನೀವಿಬ್ಬರೂ ವಿಪರೀತ ನಾಜೂಕಿನಿಂದ ಮಾತನಾಡುತ್ತಿದ್ದೀರಿ ಎಂದು ನನಗನಿಸುತ್ತದೆ. ಪಿವಿಸಿ ತಯಾರಿಸಲು ಬಳಸುವ ವಿನೈಲ್ ಕ್ಲೋರೈಡ್ ಅನಿಲದ ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅಮೆರಿಕದ ಕೆಂಟುಕಿಯ ಕಾರ್ಖಾನೆಯೊಂದರ ಕಾರ್ಮಿಕರಲ್ಲಿ ಆಂಜಿಯೊಸಾರ್ಕೋಮ ಎಂಬ ಅತ್ಯಂತ ಅಪರೂಪದ ಯಕೃತ್ತಿನ ಕ್ಯಾನ್ಸರ್ ಒಬ್ಬರ ಹಿಂದೊಬ್ಬರಿಗೆ ಬಂದದ್ದು 1974ರಲ್ಲಿ ಬೆಳಕಿಗೆ ಬಂದ ಮೇಲೆಯೇ ಅಲ್ಲಿ ಕಟ್ಟುನಿಟ್ಟಾದ ಮಿತಿ ಬಂದದ್ದು. ಆ ಸಾಕ್ಷ್ಯ ಸಿಕ್ಕಿದ್ದು ಸತ್ತವರ ದೇಹದಲ್ಲಿ. ಪ್ಲಾಸ್ಟಿಕ್‌ನ ಅಪಾಯವನ್ನು ಅದರ ಡಬ್ಬಿಯಲ್ಲಿ ಉಣ್ಣುವವರಿಗಿಂತ ಮೊದಲು ಅದನ್ನು ತಯಾರಿಸುವವರು, ಕೊನೆಗೆ ಅದನ್ನು ಸುಡುವವರು ಉಂಡಿರುತ್ತಾರೆ. ಪಿವಿಸಿ ಬೆರೆತ ಕಸಕ್ಕೆ ಬಯಲಿನಲ್ಲಿ ಬೆಂಕಿ ಹಚ್ಚಿದರೆ ತೀರಾ ವಿಷಕಾರಿಯಾದ ಡಯಾಕ್ಸಿನ್‌ಗಳು ಹುಟ್ಟುತ್ತವೆ. ನಿಮ್ಮ ಕರಡಿನಲ್ಲಿ ಸುಡುವುದರ ಬಗ್ಗೆ ಒಂದಕ್ಷರವೂ ಇಲ್ಲ!

ಪ್ರತಿಕ್ರಿಯೆ: ಮತ್ತೆ ಅಧ್ಯಾಪಕರಿಂದ

ಹಿರಿಯರು ಹೇಳಿದ್ದು ಸರಿ, ಸುಡುವುದರ ಬಗ್ಗೆ ನಾನೇ ಹೇಳಬೇಕಿತ್ತು. ಆದರೆ ನಾಜೂಕು ಏಕೆಂದರೆ, 2024ರಲ್ಲಿ ಕಪ್ಪು ಪ್ಲಾಸ್ಟಿಕ್‌ನ ಅಡುಗೆ ಸಲಕರಣೆಗಳಲ್ಲಿ ಬೆಂಕಿನಿರೋಧಕ ಇದೆ ಎಂಬ ಪ್ರಬಂಧದಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 7,000 ನ್ಯಾನೋಗ್ರಾಂ ಎಂಬ ಮಿತಿಯನ್ನು 60 ಕಿಲೋಗ್ರಾಂ ತೂಕದಿಂದ ಗುಣಿಸಿ 4,20,000 ಎನ್ನುವ ಬದಲು 42,000 ಎಂದು ಬರೆದುಬಿಟ್ಟಿದ್ದರು. ಒಂದು ಸೊನ್ನೆ ಬಿಟ್ಟುಹೋಗಿ, ಮಿತಿಯ ಹತ್ತನೇ ಒಂದಕ್ಕಿಂತ ಕಡಿಮೆಯಿದ್ದದ್ದು ಮಿತಿಯ ಹತ್ತಿರವಿರುವಂತೆ ಕಂಡಿತು. ತಿದ್ದುಪಡಿ ಬಂತು. ಆದರೆ ಆ ಸಲಕರಣೆಗಳಲ್ಲಿ ಇರಬಾರದ ರಾಸಾಯನಿಕ ಇದ್ದದ್ದಂತೂ ನಿಜ ಎಂಬ ಮುಖ್ಯ ಮಾತು ಆ ಸೊನ್ನೆಯ ಗದ್ದಲದಲ್ಲಿ ಮುಳುಗಿಹೋಯಿತು. ಲೆಕ್ಕಪತ್ರದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸೊನ್ನೆಯ ಕಥೆ ಓದಿ ನನ್ನ ವೃತ್ತಿಯ ಹಳೆಯ ದುಃಸ್ವಪ್ನಗಳೆಲ್ಲ ನೆನಪಾದವು. ಪತ್ರವನ್ನು ಪೂರ್ತಿ ಹೊಸದಾಗಿ ಬರೆದಿದ್ದೇನೆ. ಬಿಸಿಯಾದುದನ್ನೂ ಎಣ್ಣೆಯದನ್ನೂ ಗಾಜು ಅಥವಾ ಸ್ಟೀಲಿನ ಪಾತ್ರೆಗೆ ಹಾಕಿ. ಮೈಕ್ರೋವೇವ್‌ನಲ್ಲಿ ಪ್ಲಾಸ್ಟಿಕ್ ಇಡಬೇಡಿ. ಗೀರು ಬಿದ್ದು ಮಂಕಾದ ಡಬ್ಬಿಯನ್ನು ತಿಂಡಿತೀರ್ಥಕ್ಕೆ ಬಳಸುವುದನ್ನು ನಿಲ್ಲಿಸಿ, ಗುಂಡುಪಿನ್ನು ಹಾಕಿಡಲು ಬೇಕಾದರೆ ಇಟ್ಟುಕೊಳ್ಳಿ. ಯಾವ ಪ್ಲಾಸ್ಟಿಕ್ಕನ್ನೂ ಸುಡಬೇಡಿ. ಇವು ಮೇಲ್ಭಾಗದಲ್ಲಿ ದೊಡ್ಡಕ್ಷರದಲ್ಲಿವೆ. ರಕ್ತ ಮತ್ತು ಅಪಧಮನಿಯ ಅಧ್ಯಯನಗಳನ್ನು ಕೆಳಗೆ, ‘ನಂಟು ಕಂಡಿದೆ, ಕಾರಣವೆಂದು ಇನ್ನೂ ಸಾಬೀತಾಗಿಲ್ಲ’ ಎಂಬ ಮಾತಿನೊಂದಿಗೆ ಕೊಟ್ಟಿದ್ದೇನೆ. ತಲೆಬುರುಡೆಯ ಚಿತ್ರ ಹಾಕಬೇಕೆಂದಿದ್ದ ಜಾಗದಲ್ಲಿ ನಮ್ಮ ಮನೆಯ ಹಳೆಯ ಡಬ್ಬಿಯನ್ನು ಬೆಳಕಿಗೆ ಹಿಡಿದು ತೆಗೆದ ಛಾಯಾಚಿತ್ರವಿದೆ. ಹೆಂಡತಿ ಪುಟವನ್ನು ಓದಿ ಮುಗಿಸಿದಳು, ಏನೂ ಹೇಳಲಿಲ್ಲ. ಎದ್ದು ಹೋಗಿ ಡಬ್ಬಿಗಳ ಕಪಾಟು ತೆರೆದಳು.