88ನೆಯ ಕೀರ್ತನೆಯ ಮುಂದೆ ನಿಂತುಬಿಟ್ಟಿದ್ದೇನೆ

ಪ್ರಶ್ನೆ

ನನ್ನ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ರಾತ್ರಿ ಮಲಗುವ ಮುನ್ನ ಸತ್ಯವೇದದ, ಅಂದರೆ ಬೈಬಲಿನ, ಒಂದು ಕೀರ್ತನೆಯನ್ನು ಓದಿ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಅಂದಿನ ತಾರೀಖನ್ನು ಬರೆಯುವುದು ಅವರ ರೂಢಿಯಾಗಿತ್ತು. ಕೊನೆಯ ತಾರೀಖು 87ನೆಯ ಕೀರ್ತನೆಯ ಪಕ್ಕದಲ್ಲಿದೆ. ಅವರು ನಿಲ್ಲಿಸಿದಲ್ಲಿಂದ ನಾನು ಮುಂದುವರಿಸೋಣವೆಂದು ಕಳೆದ ವಾರ 88ನ್ನು ತೆರೆದೆ. ಸಮಾಧಾನ ಸಿಗಬಹುದೆಂದು ಕುಳಿತವಳಿಗೆ ಕಂಡದ್ದು ಬರೀ ಪಾತಾಳ, ಸಮಾಧಿ, ಕತ್ತಲೆ. ಬೇರೆ ಮೊರೆಗಳಲ್ಲಿ ಕೊನೆಗಾದರೂ ಭರವಸೆಯ ಒಂದು ಮಾತು ಬರುತ್ತದೆ. ಇದು ಕತ್ತಲೆಯಲ್ಲೇ ಮುಗಿದುಹೋಗುತ್ತದೆ.

ಸಭೆಯವರು "ಎಲ್ಲವೂ ದೇವರ ಚಿತ್ತ, ವಿಶ್ವಾಸಿಗಳು ಹೀಗೆ ಅಳಬಾರದು" ಎನ್ನುತ್ತಾರೆ. ಅವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ಮಾತು ಕೇಳಿದಾಗಲೆಲ್ಲ ನನ್ನ ಅಳುವೇ ಅವಿಶ್ವಾಸವೇನೋ ಎಂಬ ಅಳುಕು ಹುಟ್ಟುತ್ತದೆ. ಮೊಣಕಾಲೂರಿದರೆ "ಯಾಕೆ" ಎಂಬುದೊಂದನ್ನು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಇಂಥ ಕೀರ್ತನೆ ಸತ್ಯವೇದದಲ್ಲಿ ಏಕಿದೆ? ಇದರಿಂದ ಸಾಂತ್ವನ ಪಡೆದವರು ಯಾರಾದರೂ ಇದ್ದೀರಾ?

ಉತ್ತರ 1

ಸಹೋದರಿ, ಮಗಳನ್ನು ಕಳೆದುಕೊಂಡ ವರ್ಷ ನಾನು ಬೇರೆ ಯಾವ ಭಾಗವನ್ನೂ ಓದಲಾರದೆ ಇದೊಂದನ್ನೇ ಓದುತ್ತಿದ್ದೆ. ಅದು ನನ್ನನ್ನು ಸಮಾಧಾನಪಡಿಸಿತು ಎಂದರೆ ಸುಳ್ಳಾಗುತ್ತದೆ. ಸುಮ್ಮನಿರು ಎಂದು ಹೇಳಲಿಲ್ಲ, ಆಗ ಅಷ್ಟೇ ಬೇಕಾಗಿತ್ತು.

ಇನ್ನೊಮ್ಮೆ ಓದುವಾಗ ಕೂಗುವವನು ಯಾರನ್ನು ಕೂಗುತ್ತಿದ್ದಾನೆಂಬುದನ್ನು ಗಮನಿಸಿ. ಮೊದಲನೆಯ ವಚನದಲ್ಲಿ ಹಗಲಿರುಳು ಮೊರೆಯಿಡುತ್ತಾನೆ, 9ರಲ್ಲಿ ದಿನವೂ, 13ರಲ್ಲಿ ಮುಂಜಾನೆಯೇ. ದೇವರು ತನಗೆ ವಿಮುಖನಾಗಿದ್ದಾನೆಂಬ ದೂರನ್ನು ಕೂಡ ಅವನು ಒಯ್ಯುವುದು ಆ ದೇವರ ಬಳಿಗೇ. ನಂಬಿಕೆ ಬಿಟ್ಟವನಾಗಿದ್ದರೆ ಅವನಿಗೆ ದೂರು ಕೊಡಲು ಯಾರೂ ಇರುತ್ತಿರಲಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಇಂಥ ಮೊರೆಗಳೇ ಆಗಿದ್ದರೂ, ಆರಾಧನೆಯಲ್ಲಿ ನಾವು ಸ್ತುತಿಯ ಕೀರ್ತನೆಗಳನ್ನೇ ಆರಿಸಿಕೊಳ್ಳುವುದರಿಂದ ಉಳಿದವು ಅಪರಿಚಿತವಾಗಿಬಿಟ್ಟಿವೆ.

ನಿಮ್ಮ ಆ "ಯಾಕೆ"ಯ ಬಗ್ಗೆ ನಾಚಿಕೊಳ್ಳಬೇಡಿ. ಯೇಸು ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಮೊದಲ ಮಾತನ್ನು ಕೂಗಿದಾಗ, ತನ್ನನ್ನು ಯಾಕೆ ಕೈಬಿಟ್ಟೆ ಎಂದೇ ಕೇಳಿದನು.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸಲು ನನಗೆ ಮನಸ್ಸಿಲ್ಲ. ಸತ್ತವರು ಮತ್ತೆ ಎದ್ದುಬರುವರೆಂಬ ಪುನರುತ್ಥಾನದ ನಿರೀಕ್ಷೆಯನ್ನು ಬದಿಗಿಟ್ಟರೆ ಕ್ರೈಸ್ತ ಸಾಂತ್ವನದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅಪೊಸ್ತಲನಾದ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದು, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರಿ ಎಂದು, ದುಃಖಿಸಲೇಬೇಡಿರಿ ಎಂದಲ್ಲ. ನಿಮ್ಮ ಸಭೆಯವರು ಆ ವಚನದ ಅರ್ಧವನ್ನು ಮಾತ್ರ ಹಿಡಿದುಕೊಂಡಂತೆ ಕಾಣುತ್ತದೆ.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿದೆ. ಮಾರ್ಥಳು ಬಂದು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದೇ ಮಾತನ್ನು ಆಡುತ್ತಾಳೆ. ಮಾರ್ಥಳೊಂದಿಗೆ ಯೇಸು ಪುನರುತ್ಥಾನದ ಬಗ್ಗೆ ಮಾತಾಡುತ್ತಾನೆ, ಮರಿಯಳ ಮುಂದೆ ಕಣ್ಣೀರು ಬಿಡುತ್ತಾನೆ. ಒಂದೇ ಮನೆಯ ಅಕ್ಕತಂಗಿಯರು, ಒಂದೇ ಸಾವು, ಒಂದೇ ಆಕ್ಷೇಪ. ಸಂತೈಸಿದ ಬಗೆ ಮಾತ್ರ ಬೇರೆ. ಇನ್ನು ಕೆಲವೇ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದವನೇ ಅತ್ತನೆಂದ ಮೇಲೆ ನಿಮ್ಮ ಅಳು ಅವಿಶ್ವಾಸವಾಗುವುದು ಹೇಗೆ?

ಉತ್ತರ 3

ನನ್ನದು ಸಣ್ಣ ಮಾತು. ಸಾಕು, ಪ್ರಾಣ ತೆಗೆದುಬಿಡು ಎಂದು ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಮಲಗಿಬಿಟ್ಟಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ರೆ. ಮತ್ತೆ ಎಬ್ಬಿಸಿ ಇನ್ನೊಮ್ಮೆ ಊಟ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ನಿದ್ರೆ ಬರುತ್ತಿದೆಯೇ? ಇಲ್ಲವಾದರೆ ವೈದ್ಯರನ್ನು ಕಾಣಿರಿ. ಅದು ವಿಶ್ವಾಸದ ಕೊರತೆಯಲ್ಲ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ, ಏಳು ರಾತ್ರಿ ಅವನ ಪಕ್ಕದಲ್ಲಿ ಬಾಯಿ ಬಿಡದೆ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂಬುದು ನನ್ನ ಅಭಿಪ್ರಾಯ. ಕೆಟ್ಟದ್ದು ಬಾಯಿ ತೆರೆದ ಮೇಲೆ. ಹಾಗೆ ಸುಮ್ಮನೆ ಕೂರಬಲ್ಲವರು ನಿಮ್ಮ ಸಭೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ನೀವೇ ಕರೆಯಬೇಕಾಗಬಹುದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ನಿದ್ರೆ ಸರಿಯಾಗಿಲ್ಲ, ವೈದ್ಯರನ್ನು ಕಾಣುತ್ತೇನೆ. ಸಭೆಯ ಹಿರಿಯ ಸಹೋದರಿಯೊಬ್ಬರಿಗೆ, ಬಂದು ಒಂದು ಗಂಟೆ ಕುಳಿತಿರಿ, ಏನೂ ಹೇಳಬೇಕಾಗಿಲ್ಲ ಎಂದು ಕೇಳಿದೆ. ಅವರು ಒಂದು ಕ್ಷಣ ತಡೆದು, ಆಗಲಿ ಎಂದರು.

ನಿನ್ನೆ ರಾತ್ರಿ 88ನ್ನು ಗಟ್ಟಿಯಾಗಿ ಓದಲು ನೋಡಿದೆ. ಒಂಬತ್ತನೆಯ ವಚನದಿಂದಾಚೆಗೆ ಸ್ವರ ಹೊರಡಲಿಲ್ಲ. ತಾರೀಖು ಬರೆದಿಲ್ಲ, ಪೆನ್ಸಿಲನ್ನು ಅದೇ ಪುಟದಲ್ಲಿ ಇಟ್ಟಿದ್ದೇನೆ.