ಮಾರುವ ಕಾರಿಗೆ ಟೈಮಿಂಗ್ ಬೆಲ್ಟ್ ಹಾಕಿಸಬೇಕಾ? ಸಹಾಯ ಬೇಕು

ನಾವು ಮಲ್ಪೆಯವರು. ನಮ್ಮದು 2012ರ ಡೀಸೆಲ್ ಕಾರು. 15 ವರ್ಷ ತುಂಬಿ ಆರ್‌ಸಿ ಮುಗಿಯುವ ಮೊದಲು ಮಾರಿಬಿಡುವ ಯೋಚನೆ.

ಈಗ ಮೆಕ್ಯಾನಿಕ್ ಟೈಮಿಂಗ್ ಬೆಲ್ಟ್ (ಇಂಜಿನ್ನಿನ ಪಿಸ್ಟನ್, ವಾಲ್ವ್ ಹೊಂದಿಕೊಂಡು ಓಡುವಂತೆ ಮಾಡುವ ಪಟ್ಟಿ), ವಾಟರ್ ಪಂಪ್ ಎರಡೂ ಬದಲಿಸಿ ಅಂತಾರೆ. 22 ಸಾವಿರ! ಕವರ್ ತೆಗೆದು ತೋರಿಸಿದರು, ಬೆಲ್ಟಿನ ಅಂಚಲ್ಲಿ ಸಣ್ಣ ಸಣ್ಣ ಬಿರುಕು. ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಇಂಜಿನ್ನೇ ಹೋಗುತ್ತದಂತೆ. ಇನ್ನೊಂದು ಗ್ಯಾರೇಜಿನವರು ಸುಮ್ನೆ ದುಡ್ಡು ಹಾಕಬೇಡಿ ಅಂದರು.

ಕಾರು ಕೊಳ್ಳಲು ಇಬ್ಬರು ಬಂದು ನೋಡಿದರು. ಉಪ್ಪುಗಾಳಿಗೆ ಬಾಗಿಲ ಕೆಳಗೆ ತುಕ್ಕು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಹೊಸ ಬೆಲ್ಟ್ ಹಾಕಿದರೂ 90 ಸಾವಿರಕ್ಕಿಂತ ಜಾಸ್ತಿ ಕೊಡಲ್ಲ ಅಂದರು. ಬಿರುಕು ಮುಚ್ಚಿಟ್ಟು ಮಾರಲು ನನಗೆ ಮನಸ್ಸಿಲ್ಲ.

ಆದರೆ ಅಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದೊಯ್ಯುವುದು ಇದರಲ್ಲೇ. ಬೇರೆ ಕಾರು ಬರಲು ಇನ್ನೂ ಮೂರು ತಿಂಗಳಿದೆ.

ಈ ಮೂರು ತಿಂಗಳಿಗಾಗಿ ಬೆಲ್ಟ್ ಹಾಕಿಸಲಾ, ಅಥವಾ ಈಗಲೇ ಇದ್ದ ಹಾಗೆ ಮಾರಿ ಅಲ್ಲಿವರೆಗೆ ಟ್ಯಾಕ್ಸಿ ಮಾಡಲಾ?